ನಗು ಬರಲಿಲ್ಲ ಅಂದ್ರೆ ತಪ್ಪು ನಿಮ್ಮದಲ್ಲ

'ಡೋಂಟ್ ಲುಕ್ ಅಪ್' ಅನ್ನೋ ಹಾಲಿವುಡ್ ವಿಡಂಬನೆ ಸಿನಿಮಾ ನೋಡಿ ನಗುವೇ ಬರಲಿಲ್ಲ, ಅರ್ಥ ಆಗದೇ ಇದ್ದಿದ್ದು ನನಗೊಬ್ಬನಿಗೇನಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. 2021ರಲ್ಲಿ ಬಂದಾಗಲೇ ನೋಡಿದವರು ಎರಡು ಪಾಳಯ ಆಗಿದ್ದರು. ಆಸ್ಕರ್‌ಗೆ 4 ನಾಮನಿರ್ದೇಶನ ಸಿಕ್ಕಿತು, ಒಂದೂ ಕೈಗೆ ಬರಲಿಲ್ಲ.

ನನಗೂ ಅರ್ಧಕ್ಕರ್ಧ ಇಷ್ಟ. ಭೂಮಿಗೆ ಗುದ್ದೋಕೆ ಧೂಮಕೇತು ಬರ್ತಿದೆ ಅಂತ ಖಗೋಳ ವಿಜ್ಞಾನಿಗಳು ಎಚ್ಚರಿಸಿದರೂ ಯಾರೂ ಕಿವಿಗೆ ಹಾಕಿಕೊಳ್ಳದ ಕಥೆ ಇದು. ಆ ಧೂಮಕೇತು ಅಂದ್ರೆ ಹವಾಮಾನ ಬದಲಾವಣೆ ಅನ್ನೋದು ಬೇಗನೇ ಗೊತ್ತಾಗುತ್ತದೆ. ಆಮೇಲೂ ಅದನ್ನೇ ಕಿವಿ ಹಿಂಡಿ ಹೇಳುತ್ತಾ ಹೋಗುತ್ತದೆ, 138 ನಿಮಿಷ! ಅಮೆರಿಕದ ಅಧ್ಯಕ್ಷೆಯ ಪಾತ್ರವಂತೂ ಸುಮ್ನೆ ಕಾರ್ಟೂನ್.

ಆದರೆ ಆ ತಿಂಡಿ ಪ್ರಸಂಗ ನೆನಪಿದೆಯಾ? ಶ್ವೇತಭವನದಲ್ಲಿ ಕಾಯುತ್ತಾ ಕೂತ ವಿಜ್ಞಾನಿಗಳಿಗೆ ಒಬ್ಬ ಜನರಲ್ ತಿಂಡಿ, ನೀರು ತಂದುಕೊಟ್ಟು ದುಡ್ಡು ಇಸ್ಕೊಳ್ಳುತ್ತಾನೆ. ಅದೆಲ್ಲ ಪುಕ್ಕಟೆ ಅಂತ ಆಮೇಲೆ ಗೊತ್ತಾಗುತ್ತದೆ. ಭೂಮಿ ಮುಳುಗಿಹೋಗ್ತಿದೆ, ಅವರಲ್ಲೊಬ್ಬಳಾದ ಕೇಟ್‌ಗೆ ಮಾತ್ರ 'ಅವನು ಯಾಕೆ ಹಾಗೆ ಮಾಡಿದ' ಅನ್ನೋದೇ ತಲೆಯಲ್ಲಿ ಕೊರೆಯುತ್ತಿರುತ್ತದೆ. ಯಾರೂ ಅದಕ್ಕೆ ಭಾಷಣ ಬಿಗಿಯಲ್ಲ. ಇಡೀ ಚಿತ್ರ ಈ ಹದದಲ್ಲಿ ಇದ್ದಿದ್ದರೆ ನೀವೂ ನಕ್ಕಿರುತ್ತಿದ್ದಿರಿ ಅನ್ನಿಸುತ್ತದೆ.

ಇನ್ನೊಂದು, ಇದನ್ನು ಬರೀ ಕಾಮಿಡಿ ಅಂದ್ಕೊಂಡು ಕೂತರೆ ನಿರಾಸೆ ಜಾಸ್ತಿ. ಕೊನೆಯ ಊಟದ ದೃಶ್ಯದಲ್ಲಿ ನಗಿಸುವ ಉದ್ದೇಶವೇ ಇಲ್ಲ ಅಲ್ವಾ? ಮೇಜಿನ ಸುತ್ತ ಕೂತು ಕಾಫಿ ಬಗ್ಗೆ ಮಾತಾಡ್ತಾರೆ, ಅಷ್ಟೇ. ನನಗೆ ಗಂಟಲು ಕಟ್ಟಿದ್ದು ಅಲ್ಲೇ.

ಅಂದಹಾಗೆ, 2022ರ ಸೆಪ್ಟೆಂಬರ್‌ನಲ್ಲಿ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಅನ್ನೋ ಪುಟ್ಟ ಕ್ಷುದ್ರಗ್ರಹಕ್ಕೆ ದಾರಿ ಬದಲಿಸೋಕೆ ಆಗುತ್ತಾ ಅಂತ ನೋಡಲು ಬೇಕಂತಲೇ ಗುದ್ದಿ, ಅದು ಜೊತೆಗಿರುವ ದೊಡ್ಡ ಕ್ಷುದ್ರಗ್ರಹವನ್ನು ಸುತ್ತುವ ಅವಧಿಯನ್ನು ಅರ್ಧ ಗಂಟೆಗಿಂತ ಜಾಸ್ತಿ ಕಡಿಮೆ ಮಾಡಿತು. ಸಿನಿಮಾದಲ್ಲಿ ಮಾತ್ರ ಧೂಮಕೇತುವನ್ನು ತಡೆಯಲು ಹೊರಟ ರಾಕೆಟ್‌ಗಳನ್ನು ಅರ್ಧ ದಾರಿಯಿಂದ ವಾಪಸ್ ಕರೆಸಿಕೊಂಡರು!