ಬಿಸಿಲಲ್ಲಿ ಕಾರು ಓಡಿಸಲು ಫೋಟೋಕ್ರೊಮ್ಯಾಟಿಕ್ ಲೆನ್ಸ್ (ಬಿಸಿಲಿಗೆ ತಾನೇ ಕಪ್ಪಾಗುವ ಕನ್ನಡಕದ ಗಾಜು) ಹಾಕಿಸಬೇಕು. ಗ್ರೇ ಒಳ್ಳೆಯದೋ, ಬ್ರೌನೋ?

ಎರಡೂ ಬೇಡ. ಇದೇ ಗ್ರೇ, ಬ್ರೌನ್ ಅಂತ ಒಂದು ವಾರ ತಲೆ ಕೆಡಿಸಿಕೊಂಡು, ಕೊನೆಗೆ ಗ್ರೇ ಆರಿಸಿ 7,500 ರೂಪಾಯಿ ಕಳೆದುಕೊಂಡವನು ನಾನು.

ನನ್ನದು ಬಿತ್ತನೆ ಬೀಜ ಮಾರುವ ಕೆಲಸ. ದಿನಾ ಕಾರಲ್ಲೇ ತಿರುಗಾಟ. ಏಪ್ರಿಲ್ ಮಧ್ಯಾಹ್ನ ಸಿಂದಗಿ ದಾಟಿದರೆ ರಸ್ತೆ ಹೊಸ ತಗಡಿನ ಹಾಗೆ ಹೊಳೆಯುತ್ತೆ. ಹೊಸ ಕನ್ನಡಕ ಹಾಕಿಕೊಂಡು, ಈಗ ಕಪ್ಪಾಗುತ್ತೆ, ಆಗ ಕಪ್ಪಾಗುತ್ತೆ ಅಂತ ಜೇವರ್ಗಿವರೆಗೂ ಕಾದೆ. ಊಹೂಂ.

ಮರುದಿನ ಅಂಗಡಿಗೆ ಹೋಗಿ ಜಗಳ ತೆಗೆದೆ. ಅಂಗಡಿಯವರು ಮಾತೇ ಆಡಲಿಲ್ಲ. ಕನ್ನಡಕವನ್ನು ಹೊರಗೆ ಬಿಸಿಲಿಗಿಟ್ಟು, ಒಂದು ಗಾಜಿನ ಮೇಲೆ ನನ್ನ ಕಾರಿನ ಕೀಲಿಯನ್ನೇ ಇಟ್ಟರು. ಒಂದೆರಡು ನಿಮಿಷ ಬಿಟ್ಟು ಕೀಲಿ ಎತ್ತಿದರೆ ಗಾಜೆಲ್ಲ ಕಪ್ಪು, ನಡುವೆ ಕೀಲಿಯ ಬಿಳಿ ಅಚ್ಚು!

ಗಾಜು ಸರಿಯಾಗೇ ಇತ್ತು, ತಿಳಿಯದವನು ನಾನು. ಅದು ಕಪ್ಪಾಗುವುದು ಬೆಳಕಿಗಲ್ಲ, ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ (ಅತಿನೇರಳೆ) ಕಿರಣಕ್ಕೆ. ಕಾರಿನ ಮುಂದಿನ ಗಾಜು ಅಂದರೆ ಎರಡು ಗಾಜು, ನಡುವೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಆ ಹಾಳೆ ಯುವಿಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತೆ. ನನ್ನ ಕಣ್ಣಿಗೆ ಮಟಮಟ ಮಧ್ಯಾಹ್ನ, ಕನ್ನಡಕಕ್ಕೆ ಆಗಲೇ ಸಂಜೆ ಏಳು ಗಂಟೆ. ಸಾಲದ್ದಕ್ಕೆ ಈ ಲೆನ್ಸ್ ಬಿಸಿಯಾದಷ್ಟೂ ಕಪ್ಪಾಗುವುದು ಕಡಿಮೆ. ನಮ್ಮ ಕಡೆ ಬೇಸಿಗೆಗಿಂತ ಊಟಿಯ ಚಳಿಗೇ ಅದು ಚೆನ್ನಾಗಿ ಕೆಲಸ ಮಾಡೀತು! ಕಾರಿನೊಳಗೂ ಸ್ವಲ್ಪ ಕಪ್ಪಾಗುವ ಬಗೆಯೂ ಇದೆ, ಬೆಲೆ ಜಾಸ್ತಿ. ಒಮ್ಮೆ ಸುಟ್ಟ ಕೈ, ನಾನು ಆ ಕಡೆ ತಿರುಗಿಯೂ ನೋಡಲಿಲ್ಲ.

ನೀವು ನಿಮ್ಮ ಪವರ್ ಹಾಕಿಸಿ ಪೋಲರೈಸ್ಡ್, ಅಂದರೆ ರಸ್ತೆಯಿಂದ ಕಣ್ಣಿಗೆ ಹೊಡೆಯುವ ಹೊಳಪನ್ನು ತಡೆಯುವ, ಕೂಲಿಂಗ್ ಗ್ಲಾಸ್ ಮಾಡಿಸಿ. ಯುವಿಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುವ 'ಯುವಿ 400' ಇರಲಿ, ಗಾಜು ಎಷ್ಟು ಕಪ್ಪು ಅಂತ ಹೇಳುವ ಕೆಟಗರಿಯಲ್ಲಿ 3 ಸಾಕು. ಅದು ಬೆಳಕಿನಲ್ಲಿ 8ರಿಂದ 18 ಶೇಕಡಾ ಮಾತ್ರ ಒಳಗೆ ಬಿಡುತ್ತೆ. ಇನ್ನೂ ಕಪ್ಪಗಿರಲಿ ಅಂತ 4ಕ್ಕೆ ಹೋಗಬೇಡಿ, ಅದು ಡ್ರೈವಿಂಗ್‌ಗೆ ಅಲ್ಲ. ಫುಟ್‌ಪಾತ್‌ನ ಕರಿ ಗಾಜಂತೂ ಬೇಡವೇ ಬೇಡ. ಅದರಲ್ಲಿ ಯುವಿ ತಡೆ ಇಲ್ಲದಿದ್ದರೆ ಕತ್ತಲೆಗೆ ಪಾಪೆ ಅಗಲವಾಗಿ ಒಳಗೆ ಹೋಗುವ ಯುವಿಯೇ ಜಾಸ್ತಿ. ಬಣ್ಣ ಗ್ರೇ ಆಗಲಿ ಬ್ರೌನ್ ಆಗಲಿ, ನಿಮ್ಮ ಮರ್ಜಿ.

ಪೋಲರೈಸ್ಡ್ ಹಾಕಿಕೊಂಡ ಮೊದಲ ದಿನ ಪೆಟ್ರೋಲ್ ಬಂಕಲ್ಲಿ ಫೋನ್ ಅಡ್ಡ ಹಿಡಿದೆ, ಪರದೆ ಪೂರ್ತಿ ಕಪ್ಪು. ಕೆಟ್ಟೇಹೋಯ್ತು ಅಂತ ಗಾಬರಿಯಾಯಿತು. ಹುಡುಗ ನಕ್ಕು, "ಕನ್ನಡಕ ತೆಗೀರಿ ಸರ್" ಅಂದ.

ಆ 7,500ರದ್ದು ಈಗ ಹೊಲಕ್ಕಿಳಿದಾಗ ಹಾಕಿಕೊಳ್ಳುತ್ತೇನೆ. ಅಲ್ಲಿ ತಕ್ಕಮಟ್ಟಿಗೆ ಕಪ್ಪಾಗುತ್ತೆ.