ಅಜ್ಜನ ಮನೆ ಕೆಡವಿದ ಮೇಲೆ: ಒಂದು ಆಪ್ತಸಲಹೆ ಪ್ರಕರಣ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿರುವ, ನಲವತ್ತು ದಾಟಿದ ಒಬ್ಬರ ಪ್ರಕರಣ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿ ಬರೆಯುತ್ತಿದ್ದೇನೆ.

ಅವರು ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. ಮಾತಾಡುತ್ತಾ ಇನ್ನೊಂದು ಸಂಗತಿ ಹೊರಬಂತು. ಮಾಟುಂಗಾದ ಅಂಗಡಿಯೊಂದರಲ್ಲಿ ಹಲಸಿನ ಹಪ್ಪಳದ ಕಟ್ಟು ಎತ್ತಿ ಮೂಸಿದವರು ಅಲ್ಲೇ ನಿಂತು ಅತ್ತುಬಿಟ್ಟಿದ್ದರು. "ನನಗೆ ತಲೆ ಕೆಟ್ಟಿದೆಯಾ?" ಎಂದು ಕೇಳಿದರು. ಇಲ್ಲ. ವಾಸನೆ ಮಿದುಳಿನಲ್ಲಿ ಭಾವನೆ, ನೆನಪುಗಳ ಭಾಗಕ್ಕೆ ನೋಟ ಅಥವಾ ಶಬ್ದಕ್ಕಿಂತ ನೇರವಾಗಿ ತಲುಪುತ್ತದೆ. ಅದಕ್ಕೇ ಇಂಥ ಅಳು ಹೇಳದೆ ಕೇಳದೆ ಬರುತ್ತದೆ.

ಆ ಹಪ್ಪಳದ ಹಿಂದೆ ಕುಂದಾಪುರ ಕಡೆಯ ಅಜ್ಜನ ಮನೆ ಇತ್ತು. ಅಮ್ಮನ ತವರು. ಕೊಂಕಣ ರೈಲು ಪೂರ್ತಿ ಶುರುವಾದದ್ದು 1998ರಲ್ಲಿ. ಇವರ ಬಾಲ್ಯಕ್ಕೆ ಬಸ್ಸೇ ಗತಿ. ಒಂದು ರಾತ್ರಿ ಮತ್ತು ಮರುದಿನದ ಬಹುಪಾಲು ಸೀಟಿನಲ್ಲೇ ಕಳೆದು ಇಳಿದರೆ, ಅಜ್ಜ ಬೆಳಗ್ಗಿನಿಂದಲೇ ಬಂದು ಕಾದಿರುತ್ತಿದ್ದರು. ಮೇ ತಿಂಗಳಿಡೀ ಅಲ್ಲೇ. ಗೇರುಬೀಜ ಹೆಕ್ಕುವುದು, ಚಾಪೆ ಮೇಲೆ ಒಣಗುವ ಹಪ್ಪಳಕ್ಕೆ ಕಾಗೆ ಬಾರದಂತೆ ಕಾಯುವುದು, ಕಾಯುತ್ತಲೇ ಅರೆ ಒಣಗಿದ್ದನ್ನು ಕದ್ದು ತಿನ್ನುವುದು. ರಾತ್ರಿ ಅಜ್ಜನ ಜೊತೆ ಯಕ್ಷಗಾನಕ್ಕೆ ಹೋಗಿ, ಚೆಂಡೆ ಸದ್ದಿನ ನಡುವೆಯೇ ಅವರ ತೊಡೆ ಮೇಲೆ ನಿದ್ದೆ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಇದನ್ನೆಲ್ಲ ಹೇಳುವಾಗ ಅವರ ಮುಖವೇ ಬೇರೆಯಾಗಿತ್ತು. "ಅಲ್ಲಿ ಯಾರೂ ನನ್ನ ಮಾರ್ಕ್ಸ್ ಕೇಳುತ್ತಿರಲಿಲ್ಲ" ಎಂದರು. ಈ ಮಾತನ್ನು ಬರೆದಿಟ್ಟುಕೊಂಡೆ.

ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ ನಡೆಯುತ್ತಿದ್ದಾಗ ಅಜ್ಜ ತೀರಿಕೊಂಡರು. ಇವರಿಗೆ ತಿಳಿಸಿದ್ದು ಕೊನೆಯ ಪೇಪರ್ ಮುಗಿದ ಮೇಲೆ. ಅಜ್ಜಿಯೂ ಹೋದ ಮೇಲೆ ಆಸ್ತಿ ಪಾಲಾಯಿತು, ಮನೆ ಮಾರಾಟವಾಯಿತು. ಈಚೆಗೆ ಕೆಡವಿದರು. ಫೋಟೋ ವಾಟ್ಸಾಪಿನಲ್ಲಿ ಬಂತು. ಮನುಷ್ಯರು ಸತ್ತರೆ ನಾಲ್ಕು ಜನ ಮಾತಾಡಿಸಲು ಬರುತ್ತಾರೆ. ಮನೆ ಹೋದರೆ ಯಾರೂ ಬರುವುದಿಲ್ಲ, ಅಲ್ವಾ? ಸುತ್ತಲಿನವರು ಲೆಕ್ಕಕ್ಕೇ ಹಿಡಿಯದ ಇಂಥ ದುಃಖದ ಬಗ್ಗೆ ಅಮೆರಿಕದ ಸಂಶೋಧಕ ಕೆನೆತ್ ಡೋಕಾ 1989ರಲ್ಲೇ ಬರೆದಿದ್ದಾರೆ. ಊರು ಬಿಟ್ಟು ಬಂದ ನಮ್ಮವರಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ.

ಅವರೇ ಒಂದು ದಾರಿ ಹುಡುಕಿಕೊಂಡಿದ್ದರು. ಸಾಲ ಮಾಡಿ ಅದೇ ಊರಲ್ಲಿ ಹತ್ತು ಸೆಂಟ್ಸ್ ಜಾಗ ಕೊಳ್ಳುವುದು. ಎಂಟು ವರ್ಷದ ಮಗಳಿಗೂ ತನ್ನಂಥ ಬಾಲ್ಯ ಸಿಗಲಿ ಎಂಬ ಆಸೆ. ಹೆಂಡತಿ ಒಪ್ಪಿರಲಿಲ್ಲ. ಮನೆಯಲ್ಲಿ ಇದೇ ಜಗಳ.

"ಮಗಳಿಗೆ ಅಜ್ಜಿ ಇದ್ದಾರಾ?" ಎಂದು ಕೇಳಿದೆ.

ಇದ್ದಾರೆ. ಇವರ ಅಮ್ಮ, ಅದೇ ಫ್ಲಾಟಿನಲ್ಲಿ. ಮಗುವನ್ನು ಸ್ಕೂಲ್ ಬಸ್ಸಿನಿಂದ ಕರೆತರುತ್ತಾರೆ, ಊಟ ಮಾಡಿಸುತ್ತಾರೆ, ಹೋಮ್‌ವರ್ಕಿಗೆ ಕೂರಿಸುತ್ತಾರೆ, ಮೊಬೈಲ್ ಮುಟ್ಟದಂತೆ ನೋಡಿಕೊಳ್ಳುತ್ತಾರೆ. ಯಾವುದಾದರೂ ಬಾಕಿ ಉಳಿದರೆ ಲೋಕಲ್ ಹಿಡಿದು ಸುಸ್ತಾಗಿ ಬಂದ ಮಗನಿಂದ ಬೈಸಿಕೊಳ್ಳುತ್ತಾರೆ. ಮಾರ್ಕ್ಸ್ ಕೇಳದ ಅಜ್ಜಿಗಾಗಿ ಹಂಬಲಿಸುತ್ತಿದ್ದವರು ತಮ್ಮ ಮಗಳ ಅಜ್ಜಿಯನ್ನೇ ಕಾವಲಿಗೆ ನಿಲ್ಲಿಸಿದ್ದರು. ನನಗೆ ತುಂಬಾ ನೋವಾಗುವ ವಿಷಯ ಇದು. ಮೊಮ್ಮಕ್ಕಳ ಜೊತೆ ಸುಮ್ನೆ ಕೂರಲು ಅಜ್ಜಿಯರಿಗೆ ನಾವು ಪುರುಸೊತ್ತೇ ಕೊಡುತ್ತಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಹೋಮ್‌ವರ್ಕನ್ನು ಅಮ್ಮನ ತಲೆಯಿಂದ ಪೂರ್ತಿ ಇಳಿಸಿ. ಸಂಜೆ ಅವರಿಬ್ಬರು ಏನು ಮಾಡಿದರೆಂದು ವರದಿ ಕೇಳಬೇಡಿ. ಅಜ್ಜಿ ಎರಡು ಉಂಡೆ ಜಾಸ್ತಿ ಕೊಟ್ಟರೆ ಕೊಡಲಿ. (ಮಗುವಿಗೆ ಅಲರ್ಜಿ, ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಬೇರೆ ವಿಷಯ.) ದುಃಖ ಹಸಿಯಾಗಿರುವಾಗ ದೊಡ್ಡ ಸಾಲಕ್ಕೆ ಸಹಿ ಹಾಕಬೇಡಿ, ಜಾಗ ಆಮೇಲೂ ನೋಡಬಹುದು. ನಿದ್ದೆ ಎರಡು ವಾರದಲ್ಲಿ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಿ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಗಲೂ ರಾತ್ರಿ ಇರುತ್ತದೆ.

ಎಲ್ಲಕ್ಕಿಂತ ಮುಖ್ಯ, ಆ ಮನೆಯ ಬಗ್ಗೆ ಅಮ್ಮನನ್ನು ಕೇಳಿ ಎಂದೆ. ಅದು ಅವರು ಹುಟ್ಟಿ ಬೆಳೆದ ಮನೆ. ಕೆಡವಿದ ಫೋಟೋ ಬಂದ ದಿನ ನಿನಗೆ ಹೇಗಾಯಿತು ಎಂದು ಮಗ ಕೇಳಿರಲೇ ಇಲ್ಲ.

ಕೇಳಿದರಂತೆ. ಅಮ್ಮ ಹೇಳಿದ್ದೆಲ್ಲ ಇವರಿಗೆ ಹೊಸದು. ಮೇ ತಿಂಗಳಲ್ಲಿ ಮೊಮ್ಮಕ್ಕಳು ಬರುತ್ತಾರೆಂದು ಅಜ್ಜಿ ವರ್ಷವಿಡೀ ಹಾಲು ಮಾರಿದ ದುಡ್ಡು ಕೂಡಿಡುತ್ತಿದ್ದರು. ಅಜ್ಜನಿಗೆ ಸಾಲವಿತ್ತು. ಮಕ್ಕಳೆದುರು ಆ ಮಾತು ಎತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ಅಮ್ಮ, ಮಗ ಇಬ್ಬರೂ ಅತ್ತಿದ್ದಾರೆ. ಆ ರಾತ್ರಿ ಇವರಿಗೆ ನಿದ್ದೆ ಬಂತು.

ಈಗ ಸಂಜೆ ಹೊತ್ತು ಅಜ್ಜಿ ಮೊಮ್ಮಗಳಿಗೆ ಕಲ್ಲಾಟ ಕಲಿಸುತ್ತಿದ್ದಾರೆ. ಹೋಮ್‌ವರ್ಕ್ ಅಪ್ಪನ ಪಾಲಿಗೆ ಬಂದಿದೆ, ಕೆಲವು ದಿನ ಮುಗಿಯುವುದೂ ಇಲ್ಲ. ಅವರ ಹೆಂಡತಿಗೆ ಈ ಏರ್ಪಾಡು ಇನ್ನೂ ಸರಿ ಕಂಡಿಲ್ಲ, ಮಗು ಹಿಂದೆ ಬೀಳುತ್ತದೆ ಎಂಬ ಭಯ ಅವರದು. ಆ ಭಯವನ್ನೂ ಕೇಳಬೇಕು. ಮುಂದಿನ ಸಲ ಇಬ್ಬರೂ ಒಟ್ಟಿಗೆ ಬರಲಿದ್ದಾರೆ.