ಹದಿಮೂರು ವರ್ಷದ ಬೆಕ್ಕಿಗೆ ಸಕ್ಕರೆ ಕಾಯಿಲೆ: ಮನೆಯಲ್ಲೇ ಇನ್ಸುಲಿನ್ ಕೊಟ್ಟು ನೋಡಿಕೊಳ್ಳಬಹುದೇ?

ನೀವು ಕೇಳಿದ್ದು ಇಷ್ಟು: ಹದಿಮೂರು ವರ್ಷದ ನಿಮ್ಮ ಗಂಡು ಬೆಕ್ಕಿಗೆ ರಕ್ತದ ಸಕ್ಕರೆ 390 ಬಂದಿದೆ, ವೈದ್ಯರು ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಬರೆದುಕೊಟ್ಟಿದ್ದಾರೆ, ಕೆಲಸಕ್ಕೆ ಹೋಗುವ ನೀವೊಬ್ಬರೇ ಇದನ್ನು ನಿಭಾಯಿಸಬಹುದೇ, ಅಥವಾ ಪಥ್ಯದಿಂದಲೇ ಸರಿಹೋದೀತೇ, ಸೂಜಿ ಜೀವನಪೂರ್ತಿ ಬೇಕೇ. ನಿಭಾಯಿಸಬಹುದು. ಆದರೆ ಪಥ್ಯವನ್ನೇ ನಂಬಿ ಸೂಜಿಯನ್ನು ಮುಂದೂಡಬೇಡಿ. ನಾನು ಪಶುವೈದ್ಯನಲ್ಲ, ಮೈಸೂರಿನ ನಮ್ಮ ಮನೆಯಲ್ಲಿ ಗುಂಡ ಎಂಬ ಬೆಕ್ಕನ್ನು ಈ ಕಾಯಿಲೆಯೊಂದಿಗೆ ನಾಲ್ಕು ವರ್ಷ ಸಾಕಿದವನು. ಅದರಿಂದ ತಿಳಿದದ್ದನ್ನು ಬರೆಯುತ್ತಿದ್ದೇನೆ, ಔಷಧದ ಪ್ರಮಾಣವನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು.

ಮೊದಲು ಆ 390ರ ವಿಚಾರ. ಬುಟ್ಟಿಗೆ ತುಂಬಿ, ಆಟೋದಲ್ಲಿ ಕರೆದೊಯ್ದು, ನಾಯಿಗಳ ನಡುವೆ ಕಾಯಿಸಿ ರಕ್ತ ತೆಗೆದರೆ ಆರೋಗ್ಯವಾಗಿರುವ ಬೆಕ್ಕಿನ ಸಕ್ಕರೆಯೂ ಬರೀ ಗಾಬರಿಯಿಂದಲೇ ಏರುತ್ತದೆ. ಆದ್ದರಿಂದ ಫ್ರಕ್ಟೋಸಮೀನ್ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಕೇಳಿ. ಹಿಂದಿನ ಒಂದೆರಡು ವಾರಗಳಲ್ಲಿ ಸಕ್ಕರೆ ಹೇಗಿತ್ತು ಎಂಬುದನ್ನು ಅದು ತೋರಿಸುತ್ತದೆ. ಮನೆಯಲ್ಲಿ ಕಾಣುವ ಲಕ್ಷಣಗಳೂ ಮುಖ್ಯ. ಗುಂಡ ನೀರಿನ ಬಟ್ಟಲನ್ನು ದಿನಕ್ಕೆ ಎರಡು ಸಲ ಖಾಲಿ ಮಾಡುತ್ತಿದ್ದ, ಚೆನ್ನಾಗಿ ತಿಂದರೂ ಬೆನ್ನುಮೂಳೆ ಕೈಗೆ ಸಿಗುವಷ್ಟು ಇಳಿದಿದ್ದ, ಹಿಂಗಾಲುಗಳ ಹಿಮ್ಮಡಿಯನ್ನು ನೆಲಕ್ಕೆ ಊರಿ ಮೊಲದಂತೆ ನಡೆಯುತ್ತಿದ್ದ. ವಯಸ್ಸಾಯಿತು ಎಂದುಕೊಂಡು ನಾವು ಸುಮ್ಮನಿದ್ದೆವು. ಒಂದು ಬೆಳಿಗ್ಗೆ ಅವನ ಮರಳಿನ ತಟ್ಟೆಗೆ ಹಿತ್ತಿಲ ಬಾಗಿಲಿನಿಂದ ಕೆಂಪಿರುವೆಗಳ ಸಾಲು ಹತ್ತಿತ್ತು. ಬೆಕ್ಕುಗಳಲ್ಲಿ ರಕ್ತದ ಸಕ್ಕರೆ ಸುಮಾರು 270 ದಾಟಿದ ಮೇಲೆ ಮೂತ್ರಕ್ಕೆ ಇಳಿಯುತ್ತದೆ. ಇರುವೆಗಳಿಗೆ ಅದು ನಮಗಿಂತ ಮೊದಲೇ ಗೊತ್ತಾಗಿತ್ತು.

ಇನ್ನು ಇನ್ಸುಲಿನ್. ಬೆಕ್ಕುಗಳಿಗೆ ಸಾಮಾನ್ಯವಾಗಿ ಬರೆಯುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ಮನುಷ್ಯರು ಬಳಸುವ ಔಷಧವೇ ಆಗಿದ್ದು, ಬೆಂಗಳೂರಿನ ಬಯೋಕಾನ್ ತಯಾರಿಸುವ ಬೇಸಲಾಗ್ ಕೂಡ ಅದೇ. ಎಷ್ಟೋ ಬೆಕ್ಕುಗಳಿಗೆ ಹೊತ್ತಿಗೆ ಒಂದು ಯೂನಿಟ್ಟಿನಿಂದಲೇ ಆರಂಭಿಸುತ್ತಾರೆ, ಅಂದರೆ ಒಂದು ಹನಿಗಿಂತಲೂ ಕಡಿಮೆ. ಇಲ್ಲಿ ಸಿರಿಂಜಿನ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ನಾನು ಎಡವಿದ್ದು ಅಲ್ಲೇ. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲಿಗಳು ಇನ್ನೂ ಧಾರಾಳವಾಗಿ ಬಳಕೆಯಲ್ಲಿವೆ, ಅವುಗಳ ಸಿರಿಂಜಿಗೆ ಕೆಂಪು ಮುಚ್ಚಳ ಇರುತ್ತದೆ. ಗ್ಲಾರ್ಜಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 100 ಯೂನಿಟ್, ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜೇ ಆಗಬೇಕು. ಎರಡನೆಯ ವಾರ ಸಿರಿಂಜ್ ಮುಗಿದಾಗ ಅಂಗಡಿಯಲ್ಲಿ ಕೊಟ್ಟದ್ದನ್ನು ನೋಡದೆ ತಂದೆ. ಕೆಂಪು ಮುಚ್ಚಳದ ಸಿರಿಂಜಿನ ಒಂದು ಗೆರೆಯಲ್ಲಿ ಗ್ಲಾರ್ಜಿನ್ ಎಳೆದರೆ ಒಳಗೆ ಹೋಗುವುದು ಒಂದು ಯೂನಿಟ್ ಅಲ್ಲ, ಎರಡೂವರೆ. ಆ ರಾತ್ರಿ ಹನ್ನೊಂದರ ಸುಮಾರಿಗೆ ಗುಂಡ ಕುಡಿದವನಂತೆ ತೂರಾಡುತ್ತಾ ಬಂದು ಗೋಡೆಗೆ ತಲೆಯೊತ್ತಿ ನಿಂತ. ಸಕ್ಕರೆ ಅಳೆಯುವ ಮೀಟರಿನಲ್ಲಿ 41. ಜೇನುತುಪ್ಪವನ್ನು ಬೆರಳಿಗೆ ಹಚ್ಚಿ ಒಸಡಿಗೆ ಸವರಿದೆ, ಸ್ವಲ್ಪ ಚೇತರಿಸಿಕೊಂಡ ಮೇಲೆ ಊಟ ಕೊಟ್ಟು ವೈದ್ಯರ ಬಳಿಗೆ ಓಡಿದೆ, ಬೆಳಗಿನವರೆಗೂ ಗ್ಲುಕೋಸ್ ಹನಿಸುತ್ತಲೇ ಇದ್ದರು. ಸಕ್ಕರೆ ಹೆಚ್ಚಿದ್ದರೆ ಅಪಾಯ ಬರುವುದು ದಿನಗಳ ಲೆಕ್ಕದಲ್ಲಿ, ಕಡಿಮೆಯಾದರೆ ಗಂಟೆಗಳ ಲೆಕ್ಕದಲ್ಲಿ. ಹಾಗಾಗಿ ಚುಚ್ಚುವಾಗ ಔಷಧ ಒಳಗೆ ಹೋಯಿತೋ ಕೂದಲಿನ ಮೇಲೆ ಚೆಲ್ಲಿತೋ ಎಂಬ ಅನುಮಾನ ಬಂದರೂ ಎರಡನೆಯ ಸಲ ಚುಚ್ಚಬೇಡಿ, ಮುಂದಿನ ಹೊತ್ತಿನವರೆಗೆ ಕಾಯಿರಿ. ಅರ್ಧ ಯೂನಿಟ್ಟಿನ ಗೆರೆಗಳಿರುವ 0.3 ಮಿಲಿಲೀಟರ್ ಸಿರಿಂಜ್ ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ.

ಚುಚ್ಚುವುದು ನೀವು ಹೆದರಿಕೊಂಡಷ್ಟು ಕಷ್ಟವಲ್ಲ. ಊಟದ ತಟ್ಟೆಗೆ ಬಾಯಿ ಹಾಕಿದಾಗ ಪಕ್ಕೆಯ ಚರ್ಮವನ್ನು ಎರಡು ಬೆರಳಲ್ಲಿ ಮೇಲೆತ್ತಿ, ಅಲ್ಲಿ ಆಗುವ ಗುಡಾರದಂಥ ಜಾಗಕ್ಕೆ ಸೂಜಿ ಹಾಕಿದರೆ ಗುಂಡ ತಲೆಯೆತ್ತಿ ನೋಡುತ್ತಲೂ ಇರಲಿಲ್ಲ. ರಕ್ತ ತೆಗೆಯುವುದನ್ನು ಕಲಿಯಲು ಮಾತ್ರ ವಾರ ಹಿಡಿಯಿತು. ಕಿವಿಯ ಅಂಚಿನಲ್ಲಿ ಸಣ್ಣದೊಂದು ರಕ್ತನಾಳ ಹರಿಯುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅರ್ಧ ನಿಮಿಷ ಅಲ್ಲಿ ಒತ್ತಿ ಹಿಡಿದು, ಕಿವಿಯ ಹಿಂದೆ ಮಡಿಸಿದ ಹತ್ತಿಯನ್ನು ಆಸರೆಯಾಗಿಟ್ಟು ಚುಚ್ಚಿದರೆ ಸಾಸಿವೆ ಕಾಳಿನಷ್ಟು ರಕ್ತ ಬರುತ್ತದೆ, ಸ್ಟ್ರಿಪ್ಪಿಗೆ ಅಷ್ಟೇ ಸಾಕು. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ಕಡಿಮೆ ತೋರಿಸುವುದುಂಟು, ಆದ್ದರಿಂದ ಯಾವ ಮೀಟರ್ ಬಳಸುತ್ತಿದ್ದೀರಿ ಎಂದು ವೈದ್ಯರಿಗೆ ತಿಳಿಸಿ, ನಡುವೆ ಬದಲಾಯಿಸಬೇಡಿ. ಸೂಜಿಯ ಹೊತ್ತಿಗೆ 200ಕ್ಕಿಂತ ಕಡಿಮೆ ಇದ್ದರೆ ಫೋನ್ ಮಾಡಿ ಕೇಳದೆ ಚುಚ್ಚಬಾರದು ಎಂದು ಮೊದಲ ತಿಂಗಳುಗಳಲ್ಲಿ ನಮ್ಮ ವೈದ್ಯರು ಗೆರೆ ಹಾಕಿಕೊಟ್ಟಿದ್ದರು.

ಊಟದ ವಿಷಯದಲ್ಲಿ ನಮ್ಮ ಮನೆಯ ತಪ್ಪು ದೊಡ್ಡದು. ಹಾಲನ್ನ, ಮೊಸರನ್ನ, ಮಾರಿ ಬಿಸ್ಕತ್ತು ತಿಂದು ಬೆಳೆದ ಬೆಕ್ಕು ಅದು, ತೂಕ ಆರೂವರೆ ಕಿಲೋ ಇದ್ದಾಗ ಬಂದವರೆಲ್ಲ ಮೆಚ್ಚಿಕೊಂಡು ಎತ್ತಿ ಮುದ್ದಾಡುತ್ತಿದ್ದರು. ಬೆಕ್ಕಿನ ದೇಹ ಮಾಂಸಕ್ಕೆಂದೇ ಆದದ್ದು, ಪಿಷ್ಟ ಅದಕ್ಕೆ ಬೇಕಿಲ್ಲ. ಪೊಟ್ಟಣದಲ್ಲಿ ಬರುವ ಬೆಕ್ಕಿನ ಒಣ ಆಹಾರದ ಕಾಳುಗಳಲ್ಲಿಯೂ ಪಿಷ್ಟ ಸಾಕಷ್ಟಿರುತ್ತದೆ. ಪ್ರೋಟೀನ್ ಹೆಚ್ಚಿದ್ದು ಪಿಷ್ಟ ಕಡಿಮೆ ಇರುವ, ನೀರಿನಂಶದ ಡಬ್ಬಿಯ ಆಹಾರ ಒಳ್ಳೆಯದು. ಬರೀ ಬೇಯಿಸಿದ ಕೋಳಿ ಕೊಟ್ಟರೆ ಸಾಲದು, ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಎಂಬ ಪೋಷಕಾಂಶ ಬೇಯಿಸಿದ ನೀರಿನೊಂದಿಗೆ ಹೋಗಿಬಿಡುತ್ತದೆ. ಆದರೆ ಇನ್ಸುಲಿನ್ ಕೊಡುತ್ತಿರುವಾಗ ಒಂದೇ ದಿನಕ್ಕೆ ಆಹಾರ ಬದಲಾಯಿಸಿದರೆ ಸಕ್ಕರೆ ದಿಢೀರನೆ ಕುಸಿಯಬಹುದು, ಹಾಗಾಗಿ ವೈದ್ಯರಿಗೆ ಹೇಳಿ ನಿಧಾನವಾಗಿ ಬದಲಾಯಿಸಿ. ದಪ್ಪಗಿದೆ ಎಂದು ಉಪವಾಸ ಕೆಡವುವುದಂತೂ ಬೇಡವೇ ಬೇಡ. ಕೆಲವು ದಿನ ತಿನ್ನದ ದಪ್ಪ ಬೆಕ್ಕಿನ ಯಕೃತ್ತಿಗೆ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಬರುತ್ತದೆ. ಹಾಗಲಕಾಯಿ ರಸ, ಮೆಂತ್ಯದ ಪುಡಿ, ಅಜ್ಜಿಯ ಮೆಟ್‌ಫಾರ್ಮಿನ್ ಮಾತ್ರೆ ಎಂದು ಸಲಹೆ ಕೊಡುವವರು ನಿಮಗೂ ಸಿಗುತ್ತಾರೆ. ನಕ್ಕು ಸುಮ್ಮನಾಗಿ.

ಕೆಲಸದ ಚಿಂತೆ ಅಷ್ಟಾಗಿ ಬೇಡ. ಬೆಳಿಗ್ಗೆ ಏಳು, ಸಂಜೆ ಏಳು ಎಂದು ಹನ್ನೆರಡು ಗಂಟೆಗಳ ಅಂತರ ಇಟ್ಟುಕೊಂಡರೆ ಅರ್ಧ ಗಂಟೆ ಅತ್ತಿತ್ತ ಆದರೂ ನಡೆಯುತ್ತದೆ, ಒಂದು ಹೊತ್ತು ತಪ್ಪಿದರೂ ಬೆಕ್ಕು ಸಾಯುವುದಿಲ್ಲ. ತಪ್ಪಿದ್ದನ್ನು ಮುಂದಿನ ಹೊತ್ತಿಗೆ ಸೇರಿಸಿ ಕೊಡಬಾರದು ಅಷ್ಟೆ. ತಟ್ಟೆ ಮುಟ್ಟದಿದ್ದರೆ ಎಂದಿನ ಪ್ರಮಾಣ ಚುಚ್ಚದೆ ಮೊದಲು ಕೇಳಿ. ತಿನ್ನುವುದನ್ನು ಬಿಟ್ಟು, ವಾಂತಿ ಮಾಡಿಕೊಂಡು, ಮಂಕಾಗಿ ಮೂಲೆ ಸೇರಿದರೆ ಕೀಟೋನ್, ಅಂದರೆ ದೇಹ ಸಕ್ಕರೆಯ ಬದಲು ಕೊಬ್ಬನ್ನು ಕರಗಿಸುವಾಗ ರಕ್ತಕ್ಕೆ ಸೇರುವ ವಸ್ತು, ಏರಿರಬಹುದು. ಆಗ ಬೆಳಗಾಗಲಿ ಎಂದು ಕಾಯಬೇಡಿ.

ಜೀವನಪೂರ್ತಿ ಸೂಜಿಯೇ ಎಂದು ಕೇಳಿದ್ದಿರಿ. ನಾಯಿಗಳಿಗೆ ಬಹುಮಟ್ಟಿಗೆ ಹೌದು, ಬೆಕ್ಕುಗಳಿಗೆ ಹಾಗೇನಿಲ್ಲ. ಬೇಗ ಇನ್ಸುಲಿನ್ ಆರಂಭಿಸಿ ಪಿಷ್ಟ ಕಡಿಮೆ ಮಾಡಿದರೆ ಕೆಲವು ಬೆಕ್ಕುಗಳಿಗೆ ತಿಂಗಳುಗಳಲ್ಲಿ ಇನ್ಸುಲಿನ್ ಅಗತ್ಯವೇ ಇಲ್ಲವಾಗುತ್ತದೆ. ಗುಂಡನಿಗೆ ಐದನೆಯ ತಿಂಗಳಲ್ಲಿ ನಿಂತಿತು. ಒಂದು ವರ್ಷದ ಮೇಲೆ ಹಲ್ಲಿನ ಸೋಂಕಾದಾಗ ಮರುಕಳಿಸಿತು, ಹಲ್ಲು ಕೀಳಿಸಿದ ಮೇಲೂ ಅರ್ಧ ಯೂನಿಟ್ ಕೊನೆಯವರೆಗೆ ಬೇಕಾಯಿತು. ನಿಮ್ಮ ಬೆಕ್ಕಿನ ಬಾಯಿಯನ್ನೂ ಮೂತ್ರವನ್ನೂ ಈ ಸಲವೇ ಪರೀಕ್ಷೆ ಮಾಡಿಸಿ, ತುರಿಕೆಗೋ ಕೆಮ್ಮಿಗೋ ಸ್ಟೀರಾಯ್ಡ್ ಕೊಟ್ಟಿದ್ದರೆ ಮರೆಯದೆ ಹೇಳಿ. ಮೊದಲ ಸೂಜಿಯನ್ನು ವೈದ್ಯರ ಮುಂದೆ, ನಿಮ್ಮ ಕೈಯಿಂದಲೇ ಹಾಕಿ. ಹೋಗುವಾಗ ಅಂಗಡಿಯಿಂದ ತಂದ ಬಾಟಲಿ, ಸಿರಿಂಜ್ ಎರಡನ್ನೂ ಚೀಲದಲ್ಲಿ ಒಯ್ದು ಅವರಿಗೆ ತೋರಿಸಿ.